ಬಿಲ್ ಇಲ್ಲದ ದನಿ

ಪುಕ್ಕಟೆ ಸಿಕ್ಕಿದ್ದನ್ನು ಬೇಡ ಅನ್ನುವ ಸರ್ಕಾರಿ ಆಫೀಸನ್ನು ನನ್ನ ನೌಕರಿಯಲ್ಲಿ ಮೊದಲ ಸಲ ಕಂಡೆ. ನಾನು ಸಂಧ್ಯಾರಾಣಿ, ಸವಳಂಗದ ಹತ್ತಿರದ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಸಲ ನನ್ನ ಜಾಗದಲ್ಲಿ ಬುದ್ಧನಿದ್ದರೂ ಮೇಜು ಕುಟ್ಟುತ್ತಿದ್ದ.

ನಮ್ಮ ಹತ್ತನೆಯ ತರಗತಿಯ ಮಸರತ್‌ಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಕೆಳಗಿನ ತರಗತಿಯ ಹುಡುಗಿಯೊಬ್ಬಳನ್ನು ಕೂರಿಸಿದ್ದೆವು. ಆ ಪುಣ್ಯಾತ್ಗಿತ್ತಿ ತನಗೆ ಬಂದದ್ದನ್ನು ಬರೆದು, ಬಾರದ್ದನ್ನು ಬಿಟ್ಟು ಎದ್ದಳು. ಫೇಲಾದದ್ದು ಮಸರತ್.

ಹೊನ್ನಾಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಫಯಾಜ್ ಅವಳ ಸೋದರಮಾವ. ಅವನು ಬಂದು, ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಶಾಲೆಯ ಹಳೆಯ ಕಂಪ್ಯೂಟರೊಂದಕ್ಕೆ ಹಾಕಿಕೊಟ್ಟ. ಎಲ್ಲೆಲ್ಲಿಯದೋ ಜನ ಸೇರಿ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟಿರುವ ಮುಕ್ತ ತಂತ್ರಾಂಶ ಅದು. ದನಿ ನೆಗಡಿಯಾದವರ ಮಾತಿನಂತಿತ್ತು. ಇರಲಿ, ಮಸರತ್ ಹೆಡ್‌ಫೋನ್ ಹಾಕಿಕೊಂಡು ಪ್ರಶ್ನೆ ಕೇಳಿ, ಉತ್ತರ ಟೈಪ್ ಮಾಡಿ, ಮತ್ತೆ ಕೇಳಿಸಿಕೊಂಡು ತಿದ್ದುವಷ್ಟು ಪಳಗಿದಳು. ಪೂರ್ವಸಿದ್ಧತಾ ಪರೀಕ್ಷೆಯನ್ನು ಹೀಗೆ ಬರೆದು ಪಾಸಾದರೆ ಮುಖ್ಯ ಪರೀಕ್ಷೆಗೂ ಇದೇ ವ್ಯವಸ್ಥೆ, ಇಲ್ಲದಿದ್ದರೆ ಮತ್ತೆ ಬರೆಯುವ ಹುಡುಗಿಯೇ ಗತಿ ಎಂದು ಮೇಲಿನವರು ಹೇಳಿದ್ದರು.

ಅಷ್ಟರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಒದಗಿಸುವ ಸರ್ಕಾರದ ಗಣಕ ಯೋಜನೆಯಿಂದ ಸುತ್ತೋಲೆ ಬಂತು. ಯೋಜನೆಯ ಗುತ್ತಿಗೆ ಹಿಡಿದ ಕಂಪನಿಯ ತಂತ್ರಾಂಶ ಬಿಟ್ಟು ಬೇರೆ ಯಾವುದೂ ಶಾಲೆಗಳಲ್ಲಿ ಇರಕೂಡದಂತೆ. ಅದರ ಹಿಂದೆಯೇ ತಪಾಸಣೆಗೆ ಯೋಜನೆಯ ಅಧಿಕಾರಿ ತಿಪ್ಪೇರುದ್ರಸ್ವಾಮಿ ಬಂದರು, ಪಕ್ಕದಲ್ಲಿ ಕಂಪನಿಯ ಟೈ ಕಟ್ಟಿದ ಯುವಕ. ಮಸರತ್‌ಳ ಕಂಪ್ಯೂಟರ್ ನೋಡಿದವರೇ ಇದರ ಬಿಲ್ ಎಲ್ಲಿ ಎಂದರು. ಇದಕ್ಕೆ ಬೆಲೆಯೇ ಇಲ್ಲ, ಬಿಲ್ ಎಲ್ಲಿಂದ ಬರಬೇಕು ಎಂದೆ.

"ಬಿಲ್ ಇಲ್ಲ ಅಂದ್ರೆ ಕದ್ದ ಮಾಲು ಅಂತಾನೇ ಲೆಕ್ಕ ಮೇಡಂ. ಸ್ಟಾಕ್ ಬುಕ್‌ನಾಗೆ ಹೆಂಗೆ ಏರಿಸ್ತೀರಿ?" ಎಂದರು.

ಯುವಕನೂ ದನಿಗೂಡಿಸಿದ. ಪುಕ್ಕಟೆಯದರಲ್ಲಿ ವೈರಸ್ ಇರುತ್ತದೆ, ಕೆಟ್ಟರೆ ಹೊಣೆ ಯಾರು ಎಂದ. ಹೋದ ವರ್ಷ ನೀವು ಕೊಟ್ಟ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿತಲ್ಲ, ಆಗ ಯಾರಪ್ಪಾ ಬಂದಿದ್ದು ಎಂದು ಕೇಳಿದರೆ ಫೋನ್ ಕಿವಿಗಿಟ್ಟುಕೊಂಡು ಹೊರಗೆ ಹೋದ. ನಿಮ್ಮ ತಂತ್ರಾಂಶ ಕನ್ನಡ ಓದುತ್ತದೆಯೇ ಎಂದು ಬೆನ್ನಟ್ಟಿ ಕೇಳಿದೆ. ಸದ್ಯಕ್ಕೆ ಇಂಗ್ಲಿಷ್ ಮಾತ್ರ, ಕನ್ನಡ ಮುಂದಿನ ಆವೃತ್ತಿಯಲ್ಲಿ ಬರುತ್ತದೆ, ಅದಕ್ಕೆ ದರ ಬೇರೆ ಎಂದ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ಇದಕ್ಕೇ ಇರಬೇಕು.

ನಮ್ಮ ಗುಮಾಸ್ತ ಹಾಲಸ್ವಾಮಿ ಒಂದು ದಾರಿ ಹುಡುಕಿದ. ಫಯಾಜ್‌ನಿಂದ ಸೊನ್ನೆ ರೂಪಾಯಿಗೆ ಬಿಲ್ ಬರೆಸಿದರಾಯಿತು ಎಂದ. ನನ್ನದಲ್ಲದ್ದನ್ನು ಮಾರಿದೆ ಅಂತ ಹೆಂಗೆ ಬರೀಲಿ ಎಂದು ಫಯಾಜ್ ಗೊಣಗಿದ, ಆದರೂ ಸೋದರಸೊಸೆಯ ಮುಖ ನೋಡಿ ಬರೆದುಕೊಟ್ಟ. ಅದನ್ನು ಯೋಜನೆಯ ಕಚೇರಿಗೆ ಕಳಿಸಿದೆವು. ವಾಪಸ್ ಬಂತು. ಖರೀದಿ ಅಂದಮೇಲೆ ಮೂರು ಅಂಗಡಿಗಳ ದರಪಟ್ಟಿ ಬೇಕಂತೆ. ಹಾಲಸ್ವಾಮಿ ನ್ಯಾಮತಿಗೆ, ಚನ್ನಗಿರಿಗೆ ಬಸ್ಸಿನಲ್ಲಿ ಅಲೆದು ಇನ್ನೆರಡು ತಂದ. ಅವೂ ಸೊನ್ನೆ. ಅದಕ್ಕೂ ಉತ್ತರ ಬಂತು: ಮೂರೂ ಒಂದೇ ದರವಿರುವುದರಿಂದ ಕನಿಷ್ಠ ದರ ಯಾವುದೆಂದು ತೀರ್ಮಾನಿಸಲಾಗುತ್ತಿಲ್ಲ, ಅಂಗಡಿಯವರು ಒಳಗೊಳಗೇ ಮಾತಾಡಿಕೊಂಡಂತೆ ಕಾಣುತ್ತದೆ. ಅಯ್ಯೋ ಶಿವನೇ, ಸೊನ್ನೆಗಿಂತ ಕಡಿಮೆಗೆ ಯಾರು ಕೊಡುತ್ತಾರೆ? ನಾನು ಹಣೆ ಹಣೆ ಚಚ್ಚಿಕೊಂಡೆ.

ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ದಿನ ನಾನು ಹೊನ್ನಾಳಿಯಲ್ಲಿ ಸಭೆಯಲ್ಲಿದ್ದಾಗ ಕಂಪನಿಯ ಯುವಕ ಬಂದು ಫಯಾಜ್ ಹಾಕಿದ್ದನ್ನು ಅಳಿಸಿ ತಮ್ಮದನ್ನು ಹಾಕಿ ಹೋಗಿದ್ದ. ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಮಸರತ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಏನೂ ಕೇಳ್ತಿಲ್ಲ ಮೇಡಂ ಎಂದಳು.

ಫಯಾಜ್ ಬಸ್ಸು ಹಿಡಿದು ಬಂದು ಮತ್ತೆ ಹಾಕಿಕೊಡುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತಿತ್ತು. ಪ್ರಶ್ನೆ ಓದಿ ಹೇಳೋಣವೆಂದರೆ ಈ ಪರೀಕ್ಷೆಗೆ ಶಾಲೆಯ ಶಿಕ್ಷಕರಾಗಲಿ ಮಕ್ಕಳಾಗಲಿ ಅವಳ ಹತ್ತಿರ ಕೂರುವಂತಿಲ್ಲ, ಹೊರಗಿನವರೇ ಆಗಬೇಕು. ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಜೀಪು ನಿಂತಿತು. ತಿಪ್ಪೇರುದ್ರಸ್ವಾಮಿ, ಹೊಸ ತಂತ್ರಾಂಶ ಹಾಕಿದ ಫೋಟೋ ತೆಗೆದುಕೊಳ್ಳಲು ಬಂದಿದ್ದರು. ನಾನು ಅವರನ್ನು ನೇರ ಪರೀಕ್ಷಾ ಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿ ಎಳೆದೆ.

"ಓದಿ ಹೇಳೋದನ್ನ ಅಳಿಸಿಸಿದೋರು ನೀವು. ಈಗ ನೀವೇ ಓದ್ರಿ," ಎಂದೆ.

ಕೆಲಸವಿದೆ, ಚನ್ನಗಿರಿಗೆ ಹೋಗಬೇಕು ಎಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಇಡೀ ಕೋಣೆಯ ಮಕ್ಕಳು ನೋಡುತ್ತಿದ್ದರು. ಕೊನೆಗೆ ಕೂತರು.

ಅಂದು ಸಮಾಜ ವಿಜ್ಞಾನ. ಅವರು ಪ್ರಶ್ನೆ ಓದಿದರು. ಮಸರತ್ ಇನ್ನೊಮ್ಮೆ ಓದಿ ಎಂದಳು, ಓದಿದರು. ಅವಳು ಟೈಪ್ ಮಾಡಿ, ನಾನು ಬರೆದದ್ದನ್ನು ಓದಿ ಹೇಳಿ ಎಂದಳು. ಅದನ್ನೂ ಓದಿದರು. ಒಂದು ಪದ ಎಡವಿದರು, ಅವಳು ಅಳಿಸಿ ಮತ್ತೆ ಬರೆದಳು, ಮತ್ತೆ ಓದಿದರು. ನೀರು ತರಿಸಿಕೊಂಡು ಕುಡಿದರು. ಕನ್ನಡಕ ಒರೆಸಿಕೊಂಡರು. ಅರ್ಧ ದಾರಿಯಲ್ಲಿ ಗಂಟಲು ಕಟ್ಟಿತು. ಎಷ್ಟು ಸಲ ಓದಿಸ್ತೀಯಮ್ಮ ಎಂದು ರೇಗಿದರು.

"ಅದು ಬ್ಯಾಸರ ಮಾಡ್ಕೊಂತಿರಲಿಲ್ಲ ಸಾರ್," ಎಂದಳು ಮಸರತ್.

ಅವರು ಕನ್ನಡಕ ಸರಿಮಾಡಿಕೊಂಡು ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಗಂಟೆ ಹೊಡೆದಾಗ ಅವಳ ಕೊನೆಯ ಪ್ರಶ್ನೆಗಳು ಹಾಗೇ ಉಳಿದಿದ್ದವು. ನಾನು ಅವರ ಮುಂದೆಯೇ ಕಣ್ಣೊರೆಸಿಕೊಂಡೆ, ನಾಚಿಕೆಯಾಗಲಿಲ್ಲ. ಕಾರಿಡಾರಿನಲ್ಲಿ ಅವರು ತಗ್ಗಿದ ದನಿಯಲ್ಲಿ, ಒಂದು ಮನವಿ ಬರೆದುಕೊಡಿ, ಮೇಲಕ್ಕೆ ಕಳಿಸುತ್ತೇನೆ, ಉತ್ತರ ಬರಲು ತಿಂಗಳಾಗಬಹುದು ಎಂದರು. ಅಲ್ಲಿಯವರೆಗೆ ಹಳೆಯದನ್ನೇ ಹಾಕಿಸಿಕೊಳ್ಳಲೇ ಎಂದೆ. ಬಿಲ್ ಇಲ್ಲದೆ ನಾನು ಹೆಂಗೆ ಹೂಂ ಅನ್ನಲಿ ಮೇಡಂ ಎಂದು ಕೈಚೆಲ್ಲಿದರು.

ಮಸರತ್ ಗೋಡೆ ಹಿಡಿದುಕೊಂಡು ನಮ್ಮ ಹಿಂದೆಯೇ ಬಂದಿದ್ದಳು. ಅವಳಿಗೆ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ತನಗೆ ಬೇಕಾದದ್ದನ್ನು ಕೇಳಿದಳು, ಅಷ್ಟೇ.

"ಹಂಗಾದ್ರೆ ಉತ್ತರ ಬರೋಮಟ ನೀವೇ ಬರ್ತೀರಾ ಸಾರ್? ನಾಳೆ ವಿಜ್ಞಾನ ಐತೆ. ಸ್ವಲ್ಪ ಬಿರ್ರನೆ ಓದಾಕೆ ಕಲ್ಕೊಂಡು ಬರ್ರಿ."