ಕೈ ಎತ್ತಿದರೆ ನಿಲ್ಲಿಸುತ್ತಾರೆ

"ಅಕ್ಕಾ, ಕೈ ತೆಗೀರಿ," ಎಂದರು ಡಾಕ್ಟರು, ಎರಡನೆಯ ಸಲ.

ತನ್ನ ಎಡಗೈ ಕುರ್ಚಿಯಲ್ಲಿದ್ದ ಹುಡುಗಿಯ ಹಣೆ ಅದುಮಿದೆ, ಬಲಗೈ ಗಲ್ಲ ಹಿಡಿದಿದೆ ಎಂದು ಅಕ್ಕನಿಗೆ ಗೊತ್ತಾದದ್ದೇ ಆಗ. ಆರು ವರ್ಷದ ಆ ಹುಡುಗಿ ಅಷ್ಟು ಹೊತ್ತೂ ಚಾವಣಿಗೆ ಅಂಟಿಸಿದ ಕಾಗದದ ಮೀನುಗಳನ್ನು ಎಣಿಸುತ್ತ ಹಾಯಾಗಿ ಮಲಗಿದ್ದಳು. ಹಣೆಗೆ ಭಾರ ಬಿದ್ದದ್ದೇ ತಡ, ಹಸಿರು ಕನ್ನಡಕದೊಳಗೆ ಅವಳ ಕಣ್ಣು ತುಂಬಿಕೊಂಡವು. ಅಕ್ಕ ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡಳು.

ಈ ಹಲ್ಲಿನ ಕ್ಲಿನಿಕ್ಕಿನಲ್ಲಿ ಅಕ್ಕ ಕೆಲಸಕ್ಕೆ ಸೇರಿ ಮೂವತ್ತು ವರ್ಷವಾಗಿತ್ತು. ಉಪಕರಣ ತೊಳೆಯುವುದು, ಹಲ್ಲಿಗೆ ತುಂಬುವ ಸಿಮೆಂಟು ಕಲಸುವುದು ಇವೆಲ್ಲ ದಿನದ ಕೆಲಸ. ಹೆಸರು ಬಂದದ್ದು ಮಾತ್ರ ಮಕ್ಕಳನ್ನು ಹಿಡಿಯುವುದರಲ್ಲಿ. ಈಗಿನ ಡಾಕ್ಟರ ತಂದೆ, ದೊಡ್ಡ ಡಾಕ್ಟರು, "ನಮ್ಮ ಹಿಡಿಯಕ್ಕ ಹಿಡಿದ್ರೆ ಮಗು ಉಸಿರಾಡೋಕೂ ಪರ್ಮಿಷನ್ ಕೇಳ್ಬೇಕು," ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಅದನ್ನು ಕೇಳಿ ಅವಳು ಹಿಗ್ಗುತ್ತಿದ್ದಳು.

ಎರಡು ತಿಂಗಳ ಹಿಂದೆ ಡ್ರಿಲ್ಲಿನ ಬದಲಿಗೆ ಲೇಸರ್ ಯಂತ್ರ ಬಂದಿತ್ತು. ಪೆನ್ನಿನಂಥ ಅದರ ತುದಿ ಹಲ್ಲಿಗೆ ತಾಗುವುದೂ ಇಲ್ಲ. ನೀರಿನ ತುಂತುರು, ಚಟಚಟ ಸದ್ದು, ಅಷ್ಟೇ. ಅದು ನಡೆಯುವಾಗ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತದೆ, ಒಳಗಿದ್ದವರೆಲ್ಲ ಕನ್ನಡಕ ಹಾಕಬೇಕು. "ಇದೇನು ಮಂತ್ರದಂಡ ಅಲ್ಲ ಅಕ್ಕ, ಹುಳುಕು ಆಳಕ್ಕೆ ಹೋಗಿದ್ರೆ ಹಳೇ ದಾರಿನೇ," ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಬಹಳಷ್ಟು ಮಕ್ಕಳಿಗೆ ಈಗ ಸೂಜಿಯೇ ಬೇಕಾಗುತ್ತಿರಲಿಲ್ಲ.

ಕೆಲಸ ಮುಗಿದದ್ದೇ ಹುಡುಗಿ ಕುರ್ಚಿಯಿಂದ ಜಿಗಿದು, "ಬಾಯೊಳಗೆ ಪಾಪ್‌ಕಾರ್ನ್ ಹುರಿದ್ರು. ನಂಗೆ ಒಂದೂ ಕೊಡ್ಲಿಲ್ಲ!" ಎಂದು ತನ್ನಪ್ಪನಿಗೆ ದೂರು ಹೇಳಿದಳು. ಎಲ್ಲರೂ ನಕ್ಕರು. ಅಕ್ಕ ಬೇಸಿನ್ನಿನ ಕಡೆ ತಿರುಗಿ, ತೊಳೆದ ಕೈಯನ್ನೇ ಮತ್ತೆ ತೊಳೆದಳು.

ಸಂಜೆ ಅಕ್ಕ ಮನೆಗೆ ಬಂದಾಗ ಅವಳ ಮಗಳು ಲವಂಗದ ಎಣ್ಣೆಯ ಹತ್ತಿಯನ್ನು ಬಲದವಡೆಗೆ ಒತ್ತಿಕೊಂಡು ಕೂತಿದ್ದಳು. ಬಟ್ಟೆ ಅಂಗಡಿಯಲ್ಲಿ ಅಳತೆ ತಿದ್ದಿ ಹೊಲಿಯುವ ಕೆಲಸ ಅವಳದು. ದಾರವನ್ನು ಎಡಹಲ್ಲಿನಿಂದಲೇ ಕಡಿಯುತ್ತಾಳೆ, ಎಡಗಡೆಯಲ್ಲೇ ಅಗಿಯುತ್ತಾಳೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಹಲ್ಲಿನ ಕ್ಲಿನಿಕ್ಕಿನ ಅನ್ನ ಉಂಡು ಬೆಳೆದವಳು, ಏಳನೆಯ ವಯಸ್ಸಿನಿಂದೀಚೆಗೆ ಆ ಕುರ್ಚಿ ಹತ್ತಿರಲಿಲ್ಲ.

"ಇವತ್ತೊಂದು ಮಗು ನಗ್ತಾ ಎದ್ದು ಹೋಯ್ತು ಕಣೇ," ಎಂದಳು ಅಮ್ಮ. "ಸೂಜಿ ಇಲ್ಲ, ಗಿರಗಿರ ಇಲ್ಲ. ಒಂದ್ಸಲ ತೋರಿಸು. ತಡ ಮಾಡಿದ್ರೆ ಅದಕ್ಕೂ ಬಗ್ಗಲ್ಲ, ಕೀಳಿಸ್ಬೇಕಾಗುತ್ತೆ."

"ನೋವಾಗಲ್ವಾ?"

"ಆಗಲ್ಲ."

"ಆವತ್ತೂ ಇದನ್ನೇ ಹೇಳಿದ್ದೆ."

ಮಗಳು ಕೋಪದಿಂದ ಹೇಳಲಿಲ್ಲ. ಸುಮ್ಮನೆ ಹೇಳಿ ಹತ್ತಿ ಬದಲಿಸಿದಳು.

ಆವತ್ತು, ಮಗಳಿಗೆ ಏಳು ವರ್ಷವಾಗಿದ್ದಾಗ, ಕ್ಲಿನಿಕ್ಕಿನ ಹೊರಗೆ ಬೆಂಚು ತುಂಬ ಜನರಿದ್ದರು. "ನೋವಾದ್ರೆ ಕೈ ಎತ್ತು ಕಂದಾ, ನಿಲ್ಲಿಸ್ತಾರೆ," ಎಂದು ಎಲ್ಲ ಮಕ್ಕಳಿಗೂ ಹೇಳಿಕೊಡುವುದನ್ನೇ ಅವಳು ತನ್ನ ಮಗಳಿಗೂ ಹೇಳಿಕೊಟ್ಟಿದ್ದಳು. ಡ್ರಿಲ್ಲು ಹಲ್ಲಿಗಿಳಿದಾಗ ಸೂಜಿಮದ್ದು ಸರಿಯಾಗಿ ಹಿಡಿದಿರಲಿಲ್ಲ. ಪುಟ್ಟ ಕೈ ಮೇಲೆದ್ದಿತು. ದೊಡ್ಡ ಡಾಕ್ಟರು ನೋಡಲಿಲ್ಲ, ನೋಡಿದವಳು ಅಕ್ಕ. ಇನ್ನೊಂದೇ ನಿಮಿಷ, ಅರ್ಧಕ್ಕೆ ಬಿಟ್ಟರೆ ಮತ್ತೆ ಕೂರುವುದಿಲ್ಲ, ಹಿಡಿಯಕ್ಕನ ಮಗಳೇ ಕಿರುಚಿದರೆ ಹೊರಗಿದ್ದವರು ಏನಂದಾರು? ಹೀಗೆಲ್ಲ ಎಣಿಸಿ ಆ ಕೈಯನ್ನು ಹಿಡಿದು ಕೆಳಗೆ ಅದುಮಿದ್ದಳು. ಅದು ಮತ್ತೆ ಎದ್ದಿತು. ಮತ್ತೆ ಅದುಮಿದಳು. ಮೂರನೆಯ ಸಲ ಏಳಲಿಲ್ಲ. "ಜಾಣೆ," ಎಂದಿದ್ದರು ದೊಡ್ಡ ಡಾಕ್ಟರು.

"ಬರ್ತೀನಿ," ಎಂದಳು ಮಗಳು ಹತ್ತಿಯನ್ನು ದವಡೆಗೆ ಒತ್ತಿಕೊಂಡೇ. "ಆದ್ರೆ ನೀನು ಒಳಗೆ ಇರ್ಬಾರ್ದು."

"ಅಲ್ಲೇ ಕಣೇ ನನ್ನ ಕೆಲಸ."

"ಹಾಗಾದ್ರೆ ರಜಾ ಹಾಕು."

ಅಕ್ಕ ರಜಾ ಹಾಕಿದಳು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ರೋಗಿಗಳ ಜೊತೆ ಬೆಂಚಿನ ಮೇಲೆ ಕೂತಳು. ಅದರ ಒಂದು ಕಾಲು ಗಿಡ್ಡವಿದೆ ಎಂದು ಅವಳಿಗೆ ತಿಳಿದದ್ದು ಇವತ್ತೇ. ಪಕ್ಕದಲ್ಲಿದ್ದ ಮುದುಕ, "ಏನಮ್ಮಾ, ಹಲ್ಲಿನ ಆಸ್ಪತ್ರೆಯೋರಿಗೂ ಹಲ್ಲುನೋವು ಬಂತಾ?" ಎಂದು ನಕ್ಕ. ಅವಳು ನಗಲು ನೋಡಿದಳು. ಮಗಳು ಒಳಗೆ ಹೋದಳು, ಬಾಗಿಲು ಮುಚ್ಚಿತು. ಕೆಂಪು ದೀಪ ಹೊತ್ತಿಕೊಂಡಿತು.

ಚಟಚಟ ಸದ್ದು ಶುರುವಾಯಿತು. ಹತ್ತು ಎಣಿಸುವಷ್ಟರಲ್ಲಿ ನಿಂತಿತು. ಅವಳು ಎದ್ದು ನಿಂತಳು. ಒಳಗೆ ಏನೋ ಮೆಲ್ಲನೆ ಮಾತು; ಮತ್ತೆ ಸದ್ದು. ಕೂತಳು. ಮತ್ತೆ ನಿಂತಿತು. ನೋವಾಗುತ್ತಿದೆ, ಈ ಸಲವೂ ಸುಳ್ಳು ಹೇಳಿ ಕಳಿಸಿದೆ ಎಂದುಕೊಂಡಳು. ಬಾಗಿಲು ತಟ್ಟಲು ಹೋದ ಕೈಯನ್ನು ದೀಪ ನೋಡಿ ಇಳಿಸಿದಳು. ಒಟ್ಟು ನಾಲ್ಕು ಸಲ ಹಾಗೆ ನಿಂತು ನಿಂತು ನಡೆದು, ಕೊನೆಗೆ ದೀಪ ಆರಿತು.

"ಹಲ್ಲು ಉಳೀತು ಅಕ್ಕ," ಎನ್ನುತ್ತ ಡಾಕ್ಟರು ಹೊರಗೆ ಬಂದರು. "ನಿಮ್ಮ ಮಗಳು ನನ್ನನ್ನ ಚೆನ್ನಾಗಿ ಆಟ ಆಡಿಸಿದ್ರು. ನಾಲ್ಕು ಸಲ ಕೈ ಎತ್ತಿದ್ರು. ನೋವಾಯ್ತಾ ಅಂತ ಕೇಳಿದ್ರೆ ಪ್ರತಿ ಸಲವೂ ಇಲ್ಲ ಅಂತಾರೆ!"

"ಮತ್ಯಾಕೆ ಎತ್ತಿದೆ?" ಎಂದಳು ಅಮ್ಮ.

ಡಾಕ್ಟರ ಹಿಂದೆಯೇ ಹೊರಗೆ ಬಂದ ಮಗಳು ತುಟಿಯ ನೀರು ಒರೆಸಿಕೊಂಡಳು. "ನಿಲ್ಲಿಸ್ತಾರಾ ನೋಡೋಣ ಅಂತ."

ಇಬ್ಬರೂ ರಸ್ತೆಯವರೆಗೆ ನಡೆದರು. ಆವತ್ತಿನ ಮಾತು ಎತ್ತಬೇಕೆಂದಿದ್ದಳು ಅಮ್ಮ, ಬಾಯಿಂದ ಹೊರಬಿದ್ದದ್ದು ಮಾತ್ರ ಎಲ್ಲ ರೋಗಿಗಳಿಗೂ ಹೇಳುವ ಮಾತು: "ಒಂದು ಗಂಟೆ ಏನೂ ಅಗೀಬೇಡ."

"ಹ್ಞೂಂ."

ಎದುರಿಗೆ ವಾಹನಗಳು ಬಿಡುವಿಲ್ಲದೆ ಹರಿಯುತ್ತಿದ್ದವು. ಹಳೆಯ ಅಭ್ಯಾಸದಿಂದ ಅಮ್ಮನ ಕೈ ಮಗಳ ಮಣಿಕಟ್ಟಿನ ಕಡೆಗೆ ಹೋಯಿತು, ಅರ್ಧದಲ್ಲೇ ನಿಂತಿತು. ಮಗಳು ರಸ್ತೆಗಿಳಿದು ಕೈ ಎತ್ತಿದಳು. ಬರುತ್ತಿದ್ದ ಲಾರಿಯೊಂದು ನಿಧಾನವಾಗಿ ನಿಂತಿತು. ಅಮ್ಮ ಒಂದು ಹೆಜ್ಜೆ ಹಿಂದೆ, ಎರಡೂ ಕೈಯಲ್ಲಿ ತನ್ನ ಚೀಲ ಹಿಡಿದುಕೊಂಡು ದಾಟಿದಳು.