ಗುಲ್ಬರ್ಗಾ ಛಾಪಿನ ಚೀಲ

ದಾನಮ್ಮ ದಿನಾ ಠಾಕುರ್ಲಿಯಲ್ಲಿ ಮುಂಬೈ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ತುರ್ಭೆಯ ಬೇಳೆ ಗೋದಾಮಿಗೆ ಬರುತ್ತಿದ್ದಳು. ಹನ್ನೊಂದು ವರ್ಷದಿಂದ ಅದೇ ಕೆಲಸ: ಬೇಳೆ ಹಸನು ಮಾಡುವುದು, ಚೀಲ ತುಂಬುವುದು, ಬಾಯಿ ಹೊಲಿಯುವುದು. ಆ ಸೋಮವಾರ ಮಾತ್ರ ಕೈಗೆ ಕೆಲಸ ಹತ್ತಲಿಲ್ಲ.

ಹಿಂದಿನ ವಾರ ಬಂದರಿನಿಂದ ಮೂರು ಕಂಟೇನರ್ ತೊಗರಿ ಬಂದಿತ್ತು, ಮೊಜಾಂಬಿಕ್‌ನದು. ಗೋದಾಮಿನ ಹಿಂದಿನ ಮಿಲ್ಲಿನಲ್ಲೇ ಅದನ್ನು ಒಡೆದು ಬೇಳೆ ಮಾಡಿದರು. ಈಗ ಸೂಪರ್‌ವೈಸರ್ ಜಯೇಶ್ ಹೊಸ ಚೀಲಗಳ ಕಟ್ಟು ತಂದು ಹಾಕಿದ. ಅವುಗಳ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ‘ಅಸಲಿ ಗುಲ್ಬರ್ಗಾ ತೊಗರಿ’ ಎಂದು ಅಚ್ಚಾಗಿತ್ತು.

“ಇದು ನಮ್ಮ ಗುಲ್ಬರ್ಗಾ ಕಡೀದಲ್ಲ,” ಎಂದಳು ದಾನಮ್ಮ.

ಜಯೇಶ್ ಇಲ್ಲೇ ಹುಟ್ಟಿದ ಮಂಗಳೂರಿನವರ ಮಗ. ಕನ್ನಡ ತಿಳಿಯುತ್ತಿತ್ತು, ಉತ್ತರ ಹಿಂದಿಯಲ್ಲಿ. “ಮೌಶಿ, ಆಪ್ ಸಿರ್ಫ್ ಭರೋ.”

ತುಂಬಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಳು. ಅಷ್ಟರಲ್ಲಿ ಚಿತ್ತಾಪುರ ಕಡೆಯ ಊರಿನಿಂದ ತಮ್ಮ ಭೀಮುವಿನ ಫೋನು.

“ಅಕ್ಕಾ, ಈ ಸಲ ಬೆಳಿ ಛಲೋ ಬಂದದ. ಆದ್ರ ಪ್ಯಾಟ್ಯಾಗ ಯಾರೂ ಕೇಳವಲ್ರು. ಮುಂಬೈದಾಗ ಹೊರಗಿನ ಮಾಲು ಭಾಳ ಬಂದದಂತ. ಖರೇ ಏನು?”

“ನೋಡಿ ಹೇಳ್ತೀನಿ,” ಎಂದು ಇಟ್ಟುಬಿಟ್ಟಳು. ನೋಡುವುದೇನಿತ್ತು? ಮಾಲಿನ ಮೇಲೇ ಕೂತಿದ್ದಳು. ಎರಡು ದಿನ ಸೂಜಿ ಬೆರಳಿಗೆ ಚುಚ್ಚಿಕೊಂಡಳು, ಇಳಿಯಬೇಕಾದ ಸ್ಟೇಶನ್ ದಾಟಿ ಕಲ್ಯಾಣಕ್ಕೆ ಹೋಗಿ ತಿರುಗಿ ಬಂದಳು.

ಬುಧವಾರ ಕಾಯಂ ಗಿರಾಕಿ ಗುರುವಪ್ಪ ಬಂದರು. ಡೊಂಬಿವಲಿಯಲ್ಲಿ ಅವರದು ಹೋಟೆಲು, ಊರು ಕುಂದಾಪುರದ ಕಡೆ. ಚೀಲದ ಅಕ್ಷರ ಓದಿ, ಒಂದು ಹಿಡಿ ಬೇಳೆ ಅಂಗೈಯಲ್ಲಿ ಹರಡಿ, ದಾನಮ್ಮನ ಕಡೆ ತಿರುಗಿದರು.

“ನೀವು ಅಲ್ಲಿಯವರೇ ಅಲ್ವಾ? ನಿಮ್ಮ ಊರಿನ ಬೇಳೆಯಾ ಇದು?”

ಜಯೇಶ್ ಅವಳನ್ನೇ ನೋಡುತ್ತಿದ್ದ.

“ಅಲ್ರೀ,” ಎಂದಳು. “ಹಡಗದಾಗ ಬಂದದ್ದು. ಚೀಲ ಅಷ್ಟೇ ನಮ್ದು.”

ಗುರುವಪ್ಪ ಸಿಟ್ಟಾಗಿ ಹೊರಟುಹೋಗುತ್ತಾರೆಂದು ಅವಳು ಅಂದುಕೊಂಡಿದ್ದಳು. ಅವರು ಅಂಗೈ ಝಾಡಿಸಿ ಜಯೇಶನಿಗೆ ಹೇಳಿದ್ದಿಷ್ಟೇ: “ಹಾಗಾದರೆ ರೇಟು ಇಳಿಸಿ ಮಾರಾಯ್ರೆ. ಸಾಂಬಾರಿಗೆ ಸಾಕು.” ಚೌಕಾಸಿ ಮಾಡಿ ಇಪ್ಪತ್ತು ಚೀಲ ಟೆಂಪೋಗೆ ಹಾಕಿಸಿಕೊಂಡು ಹೋದರು.

ಸಂಜೆ ಜಯೇಶ್ ಮೊದಲ ಸಲ ಕನ್ನಡದಲ್ಲಿ ಮಾತಾಡಿದ. “ನಾಳೆಯಿಂದ ಬರುವುದು ಬೇಡ.”

ದಾನಮ್ಮ ಬುತ್ತಿ ಎತ್ತಿಕೊಂಡು ಹೊರಟಳು. ತುರ್ಭೆ ಸ್ಟೇಶನ್ನಿನಲ್ಲಿ ಎರಡು ಗಾಡಿ ಬಿಟ್ಟು ಬೆಂಚಿನ ಮೇಲೆ ಕೂತು ಭೀಮುವಿಗೆ ಫೋನು ಹಚ್ಚಿದಳು. ಕಂಟೇನರು, ಮಿಲ್ಲು, ಚೀಲ, ಎಲ್ಲಾ ಹೇಳಿದಳು.

“ಹಂಗಾರ ಮಾರ್ಲೋ, ಇಡ್ಲೋ?”

“ನನಗ್ಯಾಂಗ ಗೊತ್ತಾಗ್ಬೇಕಪ್ಪಾ? ಹಡಗ ಯಾವಾಗ ಬರ್ತದ, ಯಾವಾಗ ನಿಲ್ತದ, ನನ್ನ ಕೇಳಿ ಬರ್ತದೇನು? ಅರ್ಧ ಮಾರು, ಅರ್ಧ ಇಡು.”

ಭೀಮು ಹಾಗೇ ಮಾಡಿದ. ಮುಂದಿನ ತಿಂಗಳು ರೇಟು ಏರಲೂ ಇಲ್ಲ, ಬೀಳಲೂ ಇಲ್ಲ. ಇಟ್ಟ ಚೀಲಗಳನ್ನು ಅವನು ಇನ್ನೂ ಕಾಯುತ್ತಿದ್ದಾನೆ.

ಹತ್ತು ದಿನ ಅಲೆದ ಮೇಲೆ ದಾನಮ್ಮನಿಗೆ ವಾಶಿಯ ಬೆಳ್ಳುಳ್ಳಿ ಪೇಟೆಯಲ್ಲಿ ಆರಿಸುವ ಕೆಲಸ ಸಿಕ್ಕಿತು. ಮೊದಲ ದಿನವೇ ಆಳುಗಳ ಮೇಲಿನ ಮುಕಾದಮನನ್ನು ಕೇಳಿದಳು, ಈ ಮಾಲು ಎಲ್ಲಿಂದ ಬಂತು ಎಂದು. ಅವನು ತಲೆ ಎತ್ತದೆ, “ಆರಿಸು,” ಎಂದ.