ದೊನ್ ಒಬ್ದುಲಿಯೊ ಮತ್ತು ತೊಮಾಸಾಳ ಕೋಳಿ

ದೊನ್ ಒಬ್ದುಲಿಯೊ ಬೀದಿಯಲ್ಲಿ ನಡೆಯುತ್ತಿದ್ದುದು ಕತ್ತನ್ನು ಎಡಕ್ಕೆ ವಾಲಿಸಿ, ಒಂದು ಕಣ್ಣು ಕಿರಿದು ಮಾಡಿಕೊಂಡು. ಲೋಕದಲ್ಲಿ ಎಲ್ಲಿ ಏನು ಸೊಟ್ಟಗಿದೆಯೆಂದು ಹುಡುಕುವ ನಡಿಗೆ ಅದು. ಅಂಗಡಿಯ ಹಲಗೆ, ಎದುರಿಗೆ ಬಂದವರ ಟೋಪಿ, ಒಮ್ಮೆಯಂತೂ ಸಾಗುತ್ತಿದ್ದ ಶವಪೆಟ್ಟಿಗೆಯ ಮೇಲಿನ ಹೂಮಾಲೆ, ಯಾವುದನ್ನೂ ನೆಟ್ಟಗೆ ಮಾಡದೆ ಮುಂದೆ ಹೋದವನಲ್ಲ.

ಆಂತಿಗುವಾ ಊರಿನ ನಮ್ಮ ಬೀದಿಯಲ್ಲಿ ಶುಭ ಶುಕ್ರವಾರದಂದು ಪ್ರತಿ ಮನೆಯವರೂ ಬಾಗಿಲ ಮುಂದೆ ಬಣ್ಣದ ಮರದ ಪುಡಿಯಿಂದ ರತ್ನಗಂಬಳಿ ಬಿಡಿಸುತ್ತಾರೆ. ಯೇಸುವಿನ ಪಲ್ಲಕ್ಕಿ ಹೊತ್ತವರು ಅದನ್ನು ತುಳಿದು ಹೋದರೇನೇ ಹರಕೆ ಸಂದಂತೆ. ಒಬ್ದುಲಿಯೊನ ರತ್ನಗಂಬಳಿ ನೋಡಲು ಪಕ್ಕದೂರಿನವರೂ ಬರುತ್ತಿದ್ದರು. ಅವನಿಗೆ ಮಾತ್ರ ಅದರ ತಪ್ಪೇ ಕಾಣುತ್ತಿತ್ತು. ಹೂವಿನ ಒಂದೆಸಳು ಕೊಂಚ ದಪ್ಪವಾದರೆ ತಾನು ಬದುಕಿರುವುದೇ ದಂಡವೆಂದು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಪಲ್ಲಕ್ಕಿ ಎಲ್ಲವನ್ನೂ ತುಳಿದು ಒಂದು ಮಾಡಿ ಹೋದ ಮೇಲೂ ಆ ಎಸಳು ಅವನ ತಲೆಯಲ್ಲಿ ಅಳಿಯದೆ ಉಳಿಯುತ್ತಿತ್ತು. ವಾರಗಟ್ಟಲೆ ಸ್ನಾನವಿಲ್ಲ, ಕ್ಷೌರವಿಲ್ಲ, ತಂದಿಟ್ಟ ಕಾಫಿ ಆರಿದರೂ ಮುಟ್ಟುವುದಿಲ್ಲ.

ಒಂದು ವರ್ಷ ಹಬ್ಬಕ್ಕೆ ಮೊದಲೇ ಮಲಗಿದ. "ಈ ಸಲ ನನ್ನಿಂದಾಗಲ್ಲ. ಬಾಗ್ಲು ಮುಂದೆ ಬರೀ ಕಲ್ಲೇ ಇರ್ಲಿ."

ಹೆಂಡತಿ ತೊಮಾಸಾ ಬೈದಳು, ಬೇಡಿದಳು. ಇನ್ನು ಈತ ಏಳುವುದೇ ಇಲ್ಲವೇನೋ ಎಂಬ ಭಯ ಹುಟ್ಟಿದಾಗ ಆಕೆ ತೋಳಿನಲ್ಲೇ ಕಣ್ಣೊರೆಸಿಕೊಂಡು, ಪುಡಿಯ ಬುಟ್ಟಿಗಳನ್ನೆತ್ತಿ ತಾನೇ ಬೀದಿಗಿಳಿದಳು. ಬಿಡಿಸಹೊರಟಿದ್ದು ನಮ್ಮ ಕಾಡಿನ ಉದ್ದಬಾಲದ ಹಸಿರು ಹಕ್ಕಿ.

"ಅದೇನ್ ತಾಯಿ, ಕಾವಿಗೆ ಕೂತ ಕೋಳಿಯಾ?" ಎದುರುಮನೆಯಾಕೆ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಕಿಟಕಿಯೊಳಗೆ ಮಂಚ ಕಿರುಗುಟ್ಟಿತು. ಒಬ್ದುಲಿಯೊ ಒಳಚಡ್ಡಿಯಲ್ಲೇ ಹೊರಗೆ ಬಂದ. "ರೆಕ್ಕೇನ ಅಲ್ಲಿಗೆ ಅಂಟ್ಸು ಅಂತ ಯಾರೇ ಹೇಳಿದ್ದು ನಿಂಗೆ!" ಎನ್ನುತ್ತ ಮಂಡಿಯೂರಿ ಬಾಲ ತಿದ್ದತೊಡಗಿದ. ಅಷ್ಟರಲ್ಲಿ ಧೂಪದ ಹೊಗೆ, ಕಹಳೆ, ಪಲ್ಲಕ್ಕಿ. ಅದರ ಮುಂದಿನ ಹೆಗಲು ತೊಮಾಸಾಳ ತಮ್ಮ ಚೆಪೆಯದು.

"ಭಾವ, ಏಳಿ!"

"ತಡಿಯೋ, ಬಾಲ ಸೊಟ್ಟ ಇದೆ."

"ಮೇಲೆ ಕೂತಿರೋ ದೇವ್ರಿಗೇ ತಕರಾರಿಲ್ಲ, ನಿಮಗೇನ್ರೀ? ಕೆಳಗೆ ನನ್ನ ಹೆಗಲು ಮುರೀತಿದೆ!"

ತೊಮಾಸಾ ಅವನ ಕಂಕುಳಿಗೆ ಕೈಹಾಕಿ ಎತ್ತಿದಳು. ಕೋಳಿಯೂ ಅಲ್ಲದ, ಹಕ್ಕಿಯೂ ಆಗದ ಆ ಜೀವದ ಮೇಲೆ ದೇವರು ತೂಗುತ್ತ ದಾಟಿಹೋದ.

ಮಧ್ಯಾಹ್ನ ಒಬ್ದುಲಿಯೊ ಒಣಮೀನಿನ ಸಾರನ್ನು ಎರಡು ಸಲ ಹಾಕಿಸಿಕೊಂಡ. "ಕೊಕ್ಕೂ ಸರಿಯಿರ್ಲಿಲ್ಲ," ಎಂದ.

"ಹಂಗಾದ್ರೆ ನಾನೂ ಹೋಗಿ ಮಲಗ್ಲಾ?"

"ಅದ್ಯಾಕೆ? ಕೆಟ್ಟಿದ್ದು ಕೊಕ್ಕು ತಾನೆ, ನೀನಲ್ವಲ್ಲ!"

ಅಂದವನು ಎತ್ತಿದ ಚಮಚವನ್ನು ಹಾಗೇ ಹಿಡಿದು, ತನ್ನ ಮಾತನ್ನು ಬೇರೆ ಯಾರೋ ಆಡಿದರೆಂಬಂತೆ ಸುತ್ತ ನೋಡಿದ.

ಮುಂದಿನ ವಾರ ಮತ್ತೆ ಮಲಗಿದ್ದು ನಿಜ; ಆದರೆ ಬೇಗ ಎದ್ದ. ಇಂಥವರು ಪರರ ತಪ್ಪನ್ನು ತಪ್ಪೆಂದಷ್ಟೇ ಕಾಣುವ ಉದಾರಿಗಳು, ತಮ್ಮದಾದರೆ ಇಡೀ ಮನುಷ್ಯನನ್ನೇ ಗಲ್ಲಿಗೇರಿಸುವ ನ್ಯಾಯಾಧೀಶರು. ಬುದ್ಧಿಮಾತು ಅವರಿಗೆ ನಾಟದು. ಅವರ ಪಕ್ಕದಲ್ಲಿ ಕೂತು, ಪ್ರೀತಿಯಿಂದ, ಏನಾದರೊಂದನ್ನು ಧೈರ್ಯವಾಗಿ ಕೆಡಿಸಬಲ್ಲವರೊಬ್ಬರು ಬೇಕು.